ಬೇರೆಯವರ ಜಾಗದಲ್ಲಿ ನಿಂತ ನಾಯಕ

ಫಾಲೋಆನ್ ಆದ, ಅಂದರೆ ಮೊದಲ ಇನಿಂಗ್ಸಿನಲ್ಲಿ ಬಹಳ ಹಿಂದುಳಿದು ಕೂಡಲೇ ಎರಡನೇ ಸಲ ಬ್ಯಾಟು ಹಿಡಿಯಬೇಕಾದ ತಂಡವೇ ಕೊನೆಗೆ ಟೆಸ್ಟ್ ಗೆದ್ದ ಪಂದ್ಯಗಳು ಬೆರಳೆಣಿಕೆಯಷ್ಟು. 2023ರ ವೆಲಿಂಗ್ಟನ್, 2001ರ ಕೋಲ್ಕತ್ತ, 1981ರ ಹೆಡಿಂಗ್ಲೆ. ಅದಕ್ಕೂ ಮೊದಲು ನಡೆದದ್ದು 1894ರ ಸಿಡ್ನಿ. ಈ ಪಟ್ಟಿ ಕಣ್ಣಿಗೆ ಬಿದ್ದಾಗಲೆಲ್ಲ ನನ್ನ ಗಮನವೆಲ್ಲ ಕೋಲ್ಕತ್ತದ ಮೇಲೇ ಇರುತ್ತಿತ್ತು. ನಮ್ಮ ಕಡೆ ಬೆಳೆದವರಿಗೆ ಅದು ಸಹಜ. ಹಾಸ್ಟೆಲಿನ ಟಿ.ವಿ. ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕುರ್ಚಿ ಸಿಗದವರು ಕಿಟಕಿಯ ಸರಳು ಹಿಡಿದು ಹೊರಗೆ ನಿಂತಿದ್ದರು. ಲಕ್ಷ್ಮಣ್ ಮತ್ತು ದ್ರಾವಿಡ್ ಬೆಳಗ್ಗೆಯಿಂದ ಸಂಜೆಯವರೆಗೆ ಒಂದೂ ವಿಕೆಟ್ ಬೀಳದಂತೆ ಆಡಿದ ದಿನ ಅದು. ಲಕ್ಷ್ಮಣ್ ಹೊಡೆದ 281 ಎಲ್ಲರ ಬಾಯಲ್ಲೂ ಇತ್ತು, ಇರಬೇಕಾದ್ದೇ. ಆದರೆ ನಮ್ಮ ಕೋಣೆಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದವರಲ್ಲಿ ಹೆಚ್ಚಿನವರು ಕಾಯುತ್ತಿದ್ದದ್ದು ದ್ರಾವಿಡ್‌ನ ಶತಕಕ್ಕೆ. ಮೂರನೇ ಕ್ರಮಾಂಕದಿಂದ ಆರಕ್ಕೆ ಇಳಿಸಲ್ಪಟ್ಟವನು ಅಲ್ಲಿಂದಲೇ 180 ಮಾಡಿದ. ತನ್ನ ಜಾಗವನ್ನು ಇನ್ನೊಬ್ಬನಿಗೆ ಬಿಟ್ಟುಕೊಟ್ಟು, ಸಿಕ್ಕ ಜಾಗದಲ್ಲಿ ನಿಂತು ಆಡುವವರ ಬಗ್ಗೆ ನನಗೆ ಅಂದಿನಿಂದಲೂ ಒಂದು ಮೋಹ.

ಬಹುಶಃ ಅದೇ ಮೋಹದಿಂದ ಒಮ್ಮೆ ಪಟ್ಟಿಯ ಹಳೆಯ ಸಾಲಿನ ಮೇಲೆ ಕಣ್ಣು ನಿಂತಿತು. 1894ರ ಸಿಡ್ನಿ, ಇಂಗ್ಲೆಂಡ್ ನಾಯಕ ಆಂಡ್ರ್ಯೂ ಸ್ಟಾಡರ್ಟ್. ಯಾರಿವನು ಎಂದು ಹುಡುಕುತ್ತ ಹೋದರೆ ಸಿಕ್ಕವನು ಕ್ರಿಕೆಟಿಗ ಮಾತ್ರ ಆಗಿರಲಿಲ್ಲ. ಇಂಗ್ಲೆಂಡಿನ ರಗ್ಬಿ ತಂಡದ ನಾಯಕನೂ ಅವನೇ. ಟೆಸ್ಟ್ ಕ್ರಿಕೆಟ್ 16, ಅಂತರರಾಷ್ಟ್ರೀಯ ರಗ್ಬಿ 10. ಬ್ರಿಟನ್ನಿನ ರಗ್ಬಿ ತಂಡವೊಂದು ಮೊದಲ ಸಲ ಸಮುದ್ರ ದಾಟಿ ಹೋದಾಗ ಅರ್ಧ ದಾರಿಯಲ್ಲಿ ಅದರ ನಾಯಕನಾದವನೂ ಇವನೇ. ಇಷ್ಟು ಮಾಡಿದವನು 52ರ ವಯಸ್ಸಿನಲ್ಲಿ, ಲಂಡನ್ನಿನ ತನ್ನ ಮನೆಯಲ್ಲಿ, ತನ್ನ ಕೈಯಾರೆ ಪ್ರಾಣ ಕಳೆದುಕೊಂಡ. ಆ ಕೊನೆಯ ಸಂಗತಿ ಓದಿದ ಮೇಲೆ ಉಳಿದದ್ದನ್ನೆಲ್ಲ ಮತ್ತೊಮ್ಮೆ ಮೊದಲಿನಿಂದ ಓದಬೇಕಾಯಿತು. ಓದುತ್ತ ಹೋದಂತೆ ಒಂದು ವಿಷಯ ಮನಸ್ಸಿನಲ್ಲಿ ಗಟ್ಟಿಯಾಯಿತು. ಸ್ಟಾಡರ್ಟ್ ಮತ್ತೆ ಮತ್ತೆ ಇನ್ನೊಬ್ಬರ ಖಾಲಿ ಜಾಗಕ್ಕೆ ಬಂದು ನಿಂತ ಮನುಷ್ಯ.

813 ರನ್ನಿನ ದಿನ

ಹುಟ್ಟಿದ್ದು 1863ರಲ್ಲಿ, ಇಂಗ್ಲೆಂಡಿನ ಈಶಾನ್ಯ ಮೂಲೆಯ ಸೌತ್ ಶೀಲ್ಡ್ಸ್ ಬಳಿ. ಮುಂದೆ ಲಂಡನ್. ಉದ್ಯೋಗ ಷೇರುಪೇಟೆಯಲ್ಲಿ. ಬೇಸಿಗೆಯಲ್ಲಿ ಹ್ಯಾಂಪ್‌ಸ್ಟೆಡ್ ಕ್ಲಬ್ಬಿಗೆ, ಮಿಡ್ಲ್‌ಸೆಕ್ಸ್ ಕೌಂಟಿ (ಜಿಲ್ಲಾ) ತಂಡಕ್ಕೆ ಕ್ರಿಕೆಟ್. ಚಳಿಗಾಲದಲ್ಲಿ ಬ್ಲ್ಯಾಕ್‌ಹೀತ್‌ಗೆ ರಗ್ಬಿ.

ಅವನ ಹೆಸರು ಮೊದಲು ಊರೆಲ್ಲ ಹಬ್ಬಿದ್ದು 1886ರ ಆಗಸ್ಟ್ 4ರಂದು, ಸ್ಟೋಯಿಕ್ಸ್ ಎಂಬ ತಂಡದ ವಿರುದ್ಧ ಹ್ಯಾಂಪ್‌ಸ್ಟೆಡ್ ಆಡಿದ ಪಂದ್ಯದಲ್ಲಿ. ಹಿಂದಿನ ರಾತ್ರಿಯೆಲ್ಲ ಕುಣಿತ, ಇಸ್ಪೀಟು ಮುಗಿಸಿ, ಹೆಚ್ಚುಕಡಿಮೆ ನಿದ್ದೆಯೇ ಇಲ್ಲದೆ ಮೈದಾನಕ್ಕೆ ಬಂದಿದ್ದ ಎನ್ನುತ್ತಾರೆ. ಇನಿಂಗ್ಸ್ ಆರಂಭಿಸಿ 485 ಹೊಡೆದ. ಅಲ್ಲಿಯವರೆಗೆ ಯಾವ ಮಟ್ಟದ ಕ್ರಿಕೆಟ್ಟಿನಲ್ಲೂ ಒಬ್ಬನೇ ಅಷ್ಟು ರನ್ ಮಾಡಿದ ದಾಖಲೆ ಇರಲಿಲ್ಲ. ತಂಡದ ಮೊತ್ತ 813. ಔಟಾಗಿ ಬಂದವನು ಸುಮ್ಮನೆ ಕೂರದೆ ಟೆನಿಸ್ ಆಡಲು ಹೋದನಂತೆ. ಎದುರಾಳಿಗಳಿಗೆ ಆ ದಿನ ಬ್ಯಾಟು ಹಿಡಿಯುವ ಸರದಿಯೇ ಬರಲಿಲ್ಲ. ಕಾರಣ ಸರಳ. ಆಗಿನ ನಿಯಮದಲ್ಲಿ ನಾಯಕನಿಗೆ ಇನಿಂಗ್ಸ್ ಡಿಕ್ಲೇರ್ ಮಾಡುವ ಅಧಿಕಾರವೇ ಇರಲಿಲ್ಲ. ಹತ್ತೂ ವಿಕೆಟ್ ಬೀಳುವವರೆಗೆ ಆಡಲೇಬೇಕು. 1889ರಲ್ಲಿ ನಿಯಮ ಬದಲಾಗಿ, ಪಂದ್ಯದ ಕೊನೆಯ ದಿನ ಡಿಕ್ಲೇರ್ ಮಾಡಬಹುದು ಎಂದಾಯಿತು. ಟೆಸ್ಟ್ ಕ್ರಿಕೆಟ್ಟಿನಲ್ಲಿ ಆ ಅವಕಾಶವನ್ನು ಮೊಟ್ಟಮೊದಲು ಬಳಸಿದ ನಾಯಕ ಯಾರು ಅಂದುಕೊಂಡಿರಿ? 1893ರ ಲಾರ್ಡ್ಸ್ ಟೆಸ್ಟಿನಲ್ಲಿ ಇದೇ ಸ್ಟಾಡರ್ಟ್. ಅಲ್ಲೂ ನಾಯಕತ್ವ ಅವನ ಪಾಲಿನದಾಗಿರಲಿಲ್ಲ. ಆಗಿನ ಇಂಗ್ಲೆಂಡ್ ನಾಯಕ ಡಬ್ಲ್ಯು. ಜಿ. ಗ್ರೇಸ್ ಬೆರಳಿಗೆ ಗಾಯ ಮಾಡಿಕೊಂಡು ಹೊರಗುಳಿದದ್ದರಿಂದ ಬಂದ ಹೊಣೆ ಅದು.

ಹಂಟರ್ ನದಿ

ಗ್ರೇಸ್‌ನ ಬೆರಳಿಗಿಂತ ಐದು ವರ್ಷ ಮೊದಲೇ ಇನ್ನೊಂದು ಜಾಗ ಖಾಲಿಯಾಗಿತ್ತು. ಅದು ಬಹಳ ದುಃಖದ ರೀತಿಯಲ್ಲಿ.

1887ರ ಕೊನೆಗೆ ಕ್ರಿಕೆಟ್ ತಂಡದೊಂದಿಗೆ ಆಸ್ಟ್ರೇಲಿಯಾಕ್ಕೆ ಹೋಗಿದ್ದ ಸ್ಟಾಡರ್ಟ್ ಸೀಸನ್ ಮುಗಿದರೂ ವಾಪಸಾಗಲಿಲ್ಲ. ಆಲ್‌ಫ್ರೆಡ್ ಶಾ ಮತ್ತು ಆರ್ಥರ್ ಶ್ರೂಸ್‌ಬರಿ ಎಂಬ ಇಬ್ಬರು ವೃತ್ತಿಪರ ಕ್ರಿಕೆಟಿಗರು ಸೇರಿ ಬ್ರಿಟನ್ನಿನಿಂದ ಒಂದು ರಗ್ಬಿ ತಂಡವನ್ನು ಕರೆಸುತ್ತಿದ್ದರು. ಸ್ಟಾಡರ್ಟ್ ಅಲ್ಲೇ ಉಳಿದು ಆ ತಂಡ ಸೇರಿದ. ಇಂದು ಬ್ರಿಟಿಷ್ ಅಂಡ್ ಐರಿಷ್ ಲಯನ್ಸ್ ಎಂದು ಜಗತ್ತು ಕರೆಯುವ ತಂಡದ ಇತಿಹಾಸ ಈ 1888ರ ಪ್ರವಾಸದಿಂದ ಶುರುವಾಗುತ್ತದೆ. ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾ ಸೇರಿ 35 ರಗ್ಬಿ ಪಂದ್ಯ, ಸೋತದ್ದು ಎರಡೇ. ಆಸ್ಟ್ರೇಲಿಯಾದ ವಿಕ್ಟೋರಿಯಾ ಸೀಮೆಯಲ್ಲಿ ಜನ ರಗ್ಬಿ ನೋಡುತ್ತಿರಲಿಲ್ಲ. ಅವರದೇ ಫುಟ್‌ಬಾಲ್ ಬೇರೆ ಇತ್ತು, ನಿಯಮಗಳೂ ಬೇರೆ. ಗೇಟಿನಲ್ಲಿ ಹಣ ಬರಬೇಕಾದರೆ ಅದನ್ನೇ ಆಡಬೇಕು. ಹಾಗಾಗಿ ಇಂಗ್ಲೆಂಡಿನಿಂದ ಬಂದವರು ಹೊಸ ಆಟವೊಂದನ್ನು ಪ್ರವಾಸದಲ್ಲೇ ಕಲಿತು, ಅದರಲ್ಲಿ ಹುಟ್ಟಿ ಬೆಳೆದವರ ಎದುರು ಇಳಿದರು. ಅದನ್ನು ಬೇಗ ಕೈವಶ ಮಾಡಿಕೊಂಡವರಲ್ಲಿ ಸ್ಟಾಡರ್ಟ್ ಒಬ್ಬ. ಒಂದೇ ಪ್ರವಾಸದಲ್ಲಿ ಮೂರು ಆಟ! ಈಗಿನ ಆಟಗಾರರ ಕರಾರು, ವಿಮೆ, ಫಿಸಿಯೋಗಳ ಲೋಕದಲ್ಲಿ ಇದನ್ನು ಊಹಿಸಿಕೊಳ್ಳುವುದೂ ಕಷ್ಟ.

ತಂಡದ ನಾಯಕ ರಾಬರ್ಟ್ ಸೆಡನ್. ಆಗಸ್ಟ್ 15ರಂದು ನ್ಯೂ ಸೌತ್ ವೇಲ್ಸಿನ ವೆಸ್ಟ್ ಮೇಟ್‌ಲೆಂಡ್ ಊರಿನಲ್ಲಿ ಅವನು ಹಂಟರ್ ನದಿಯಲ್ಲಿ ಒಬ್ಬನೇ ದೋಣಿ ನಡೆಸಲು ಹೋದ. ಕಿರಿದಾದ, ಹಗುರವಾದ ಪಂದ್ಯದ ದೋಣಿ ಅದು. ಹುಟ್ಟು ಹಾಕುವಾಗ ಹಿಡಿತ ಸಿಗಲೆಂದು ಪಾದಗಳನ್ನು ಪಟ್ಟಿಯೊಳಗೆ ತೂರಿಸಿ ಕೂರಬೇಕು. ದೋಣಿ ಮಗುಚಿತು, ಪಟ್ಟಿಯಿಂದ ಕಾಲು ಬಿಡಿಸಿಕೊಳ್ಳಲಾಗಲಿಲ್ಲ. ಮನೆಯಿಂದ ಅರ್ಧ ಭೂಮಿಯಷ್ಟು ದೂರ ಬಂದ ಹುಡುಗರು ತಮ್ಮ ನಾಯಕನನ್ನು ಅಪರಿಚಿತ ಊರಿನ ಮಣ್ಣಿನಲ್ಲಿಟ್ಟರು. ಪ್ರವಾಸ ನಿಲ್ಲಿಸುವಂತಿರಲಿಲ್ಲ, ಮುಂದಿನ ಪಂದ್ಯಗಳು ಗೊತ್ತಾಗಿದ್ದವು. ನಾಯಕತ್ವ ಸ್ಟಾಡರ್ಟ್‌ನ ಹೆಗಲಿಗೆ ಬಂತು. ಆಗ ಅವನಿಗೆ 25. ದುಃಖದಲ್ಲಿರುವ ತಂಡವನ್ನು ಮಾರನೇ ವಾರ ಮತ್ತೆ ಮೈದಾನಕ್ಕೆ ಇಳಿಸುವುದು ಎಂಥ ಕೆಲಸ ಎಂಬುದನ್ನು ಗೆಲುವು ಸೋಲಿನ ಪಟ್ಟಿ ಹೇಳುವುದಿಲ್ಲ. ಆ ಪ್ರವಾಸದಲ್ಲಿ ಅವನ ನಿಜವಾದ ದೊಡ್ಡತನ ಇರುವುದು ಇಲ್ಲೇ ಎಂದು ನನಗೆ ಅನ್ನಿಸುತ್ತದೆ.

ಹರಿದ ಚಡ್ಡಿ

ಊರಿಗೆ ಮರಳಿದ ಮೂರೇ ತಿಂಗಳಿಗೆ, 1889ರ ಫೆಬ್ರವರಿ 16ರಂದು, ಬ್ಲ್ಯಾಕ್‌ಹೀತ್‌ನಲ್ಲಿ ಇಂಗ್ಲೆಂಡ್ ಪರ ಆಡಲಿಳಿದ. ಎದುರಿಗೆ ನ್ಯೂಜಿಲೆಂಡಿನಿಂದ ಬಂದಿದ್ದ ನೇಟಿವ್ಸ್ ತಂಡ. ಬಹುಪಾಲು ಮಾವೊರಿ (ನ್ಯೂಜಿಲೆಂಡಿನ ಮೂಲನಿವಾಸಿ) ಆಟಗಾರರಿದ್ದ ಈ ತಂಡ ತನ್ನ ಇಡೀ ಪ್ರವಾಸದಲ್ಲಿ ಆಡಿದ್ದು 107 ಪಂದ್ಯ. ಸಂಖ್ಯೆ ತಪ್ಪಿಲ್ಲ, ನೂರ ಏಳು. ದಣಿದ ಮೈ, ಗಾಯದ ಮೇಲೆ ಗಾಯ, ಹೊತ್ತು ಹೊತ್ತಿಗೆ ಮಂಜು ಮಳೆ. ಅಂಥವರು ಇಂಗ್ಲೆಂಡಿನ ರಾಷ್ಟ್ರೀಯ ತಂಡದ ಎದುರು ನಿಂತಿದ್ದರು. ತೀರ್ಪುಗಾರ ರೋಲಂಡ್ ಹಿಲ್. ಆತ ಇಂಗ್ಲೆಂಡಿನ ರಗ್ಬಿ ಯೂನಿಯನ್ನಿನ ಕಾರ್ಯದರ್ಶಿಯೂ ಹೌದು.

ಚೆಂಡು ಹಿಡಿದು ನುಗ್ಗುತ್ತಿದ್ದ ಸ್ಟಾಡರ್ಟ್‌ನನ್ನು ನೇಟಿವ್ಸ್ ತಂಡದ ಟಾಮ್ ಎಲಿಸನ್ ಹಿಡಿದ. ಸ್ಟಾಡರ್ಟ್ ನುಣುಚಿಕೊಂಡ, ಚಡ್ಡಿ ಮಾತ್ರ ಎಲಿಸನ್ ಕೈಯಲ್ಲಿ ಹರಿದು ಬಂತು. ವಿಕ್ಟೋರಿಯಾ ರಾಣಿಯ ಕಾಲ, ಸುತ್ತ ನೆರೆದ ಜನ. ಮಾವೊರಿ ಆಟಗಾರರು ಆಟ ನಿಂತಿತೆಂದು ತಿಳಿದು ಅವನ ಮಾನ ಮುಚ್ಚಲು ಸುತ್ತುವರಿದು ನಿಂತರು. ಅಷ್ಟರಲ್ಲಿ ಇಂಗ್ಲೆಂಡಿನ ಫ್ರಾಂಕ್ ಎವರ್‌ಶೆಡ್ ಚೆಂಡು ಎತ್ತಿಕೊಂಡು ಓಡಿ ಗೆರೆಯಾಚೆ ಊರಿಬಿಟ್ಟ. ಹಿಲ್ ಅದನ್ನು ಟ್ರೈ, ಅಂದರೆ ಅಂಕ ಎಂದು ಘೋಷಿಸಿದರು. ನೇಟಿವ್ಸ್ ತಂಡದ ಕೆಲವರು ಸಿಟ್ಟಿನಿಂದ ಮೈದಾನ ಬಿಟ್ಟು ಹೊರನಡೆದರು. ಅವರು ಕ್ಷಮೆ ಕೇಳಬೇಕೆಂದು ರಗ್ಬಿ ಯೂನಿಯನ್ ಪಟ್ಟುಹಿಡಿಯಿತು. ಕಡೆಗೆ ಆ ತಂಡ ಇಂಗ್ಲೆಂಡ್ ಬಿಟ್ಟು ಹೊರಟಾಗ ಸರಿಯಾದ ಬೀಳ್ಕೊಡುಗೆಯನ್ನೂ ಕೊಡಲಿಲ್ಲ.

ಇದನ್ನು ರಗ್ಬಿಯ ತಮಾಷೆಯ ಪ್ರಸಂಗ ಎಂಬಂತೆ ಬರೆಯುವವರೇ ಹೆಚ್ಚು. ನನಗೆ ನಗು ಬರುವುದಿಲ್ಲ. ಎದುರಾಳಿಯ ಮಾನ ಕಾಯಲು ನಿಂತವರಿಗೆ ಶಿಕ್ಷೆ ಸಿಕ್ಕಿತು, ಅದನ್ನು ಬಳಸಿಕೊಂಡವರಿಗೆ ಅಂಕ ಸಿಕ್ಕಿತು. ಸಭ್ಯತೆಯ ಪಾಠ ಹೇಳಿಕೊಡುವವರು ತಾವೇ ಎಂದು ಇಂಗ್ಲಿಷರು ನಂಬಿದ್ದ ಕಾಲದಲ್ಲಿ ಬ್ಲ್ಯಾಕ್‌ಹೀತ್‌ನ ಕೆಸರಿನಲ್ಲಿ ಆ ಪಾಠ ಗೊತ್ತಿದ್ದವರು ಮಾವೊರಿಗಳು. ಸ್ಟಾಡರ್ಟ್‌ನ ಚಡ್ಡಿ ಹರಿದಿದ್ದ ಎಲಿಸನ್ ಮುಂದೆ ವಕೀಲನಾದ. 1893ರಲ್ಲಿ ನ್ಯೂಜಿಲೆಂಡ್ ತಂಡದ ನಾಯಕನಾದ. ಕಪ್ಪು ಅಂಗಿ, ಅದರ ಮೇಲೆ ಬೆಳ್ಳಿಯ ಜರೀಗಿಡದ ಎಲೆ ಇರಲಿ ಎಂದು ಸೂಚಿಸಿದವನೂ ಅವನೇ. ಆಲ್ ಬ್ಲ್ಯಾಕ್ಸ್ ಎನಿಸಿಕೊಂಡ ಇಂದಿನ ನ್ಯೂಜಿಲೆಂಡ್ ರಗ್ಬಿ ತಂಡದ ಮೈಮೇಲಿರುವುದು ಅವನ ಆಲೋಚನೆ.

ಸಿಡ್ನಿಯ ಆರನೇ ದಿನ

1894ರ ಡಿಸೆಂಬರ್. ಆಸ್ಟ್ರೇಲಿಯಾ 586. ಇಂಗ್ಲೆಂಡ್ 325ಕ್ಕೆ ಆಲೌಟ್, ಫಾಲೋಆನ್. ಎರಡನೇ ಸಲ ಆಲ್ಬರ್ಟ್ ವಾರ್ಡ್ 117 ಹೊಡೆದ, ಉಳಿದವರು ಕೈಜೋಡಿಸಿ ಮೊತ್ತ 437ಕ್ಕೆ ಬಂತು. ಆಸ್ಟ್ರೇಲಿಯಾಕ್ಕೆ ಬೇಕಿದ್ದದ್ದು 177. ಐದನೇ ದಿನದ ಕೊನೆಗೆ ಎರಡೇ ವಿಕೆಟ್ ಕಳೆದುಕೊಂಡು 113. ಇನ್ನು 64 ಸಾಕು. ಪಂದ್ಯ ಮುಗಿಯಿತೆಂದು ಇಂಗ್ಲೆಂಡಿನ ಎಡಗೈ ಸ್ಪಿನ್ನರ್ ಬಾಬಿ ಪೀಲ್ ಆ ರಾತ್ರಿ ಚೆನ್ನಾಗಿ ಕುಡಿದು ಮಲಗಿದ. ರಾತ್ರಿ ಮಳೆ ಸುರಿಯಿತು. ಆಗ ಪಿಚ್ಚಿಗೆ ಹೊದಿಕೆ ಇರುತ್ತಿರಲಿಲ್ಲ. ನೆನೆದ ಪಿಚ್ಚಿನ ಮೇಲೆ ಬೆಳಗ್ಗೆ ಬಿಸಿಲು ಬಿದ್ದರೆ ಚೆಂಡು ಅಂಟಿ, ತಿರುಗಿ, ಅಡ್ಡಾದಿಡ್ಡಿ ಏಳುತ್ತದೆ. ನಶೆ ಇಳಿಯದ ಪೀಲ್‌ನನ್ನು ಸ್ಟಾಡರ್ಟ್ ತಣ್ಣೀರಿನ ಶವರ್ ಕೆಳಗೆ ನಿಲ್ಲಿಸಿದ ಎಂಬ ಕಥೆ ಕ್ರಿಕೆಟ್ ಲೋಕದಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಕಥೆ ಏನೇ ಇರಲಿ, ಅಂಕಿ ಸಿಕ್ಕುತ್ತದೆ. ಪೀಲ್ 67ಕ್ಕೆ 6 ವಿಕೆಟ್. ಆಸ್ಟ್ರೇಲಿಯಾ 166. ಇಂಗ್ಲೆಂಡಿಗೆ 10 ರನ್ ಗೆಲುವು.

ಆ ಸರಣಿಯನ್ನು ಇಂಗ್ಲೆಂಡ್ 3-2ರಿಂದ ಗೆದ್ದಿತು. ಮೆಲ್ಬರ್ನ್‌ನಲ್ಲಿ ಸ್ಟಾಡರ್ಟ್ ಹೊಡೆದ 173 ಆವರೆಗೆ ಇಂಗ್ಲೆಂಡ್ ಪರ ಟೆಸ್ಟಿನಲ್ಲಿ ಯಾರೂ ಮುಟ್ಟದ ಮೊತ್ತ. ಅದನ್ನು ದಾಟಿದವನು ನಮ್ಮ ದೇಶದವನೇ. ಮೂರು ವರ್ಷದ ನಂತರ ಸ್ಟಾಡರ್ಟ್ ಮತ್ತೆ ಆಸ್ಟ್ರೇಲಿಯಾಕ್ಕೆ ತಂಡ ಕಟ್ಟಿಕೊಂಡು ಹೋದಾಗ ಜೊತೆಗಿದ್ದವನು ರಣಜಿತ್‌ಸಿಂಹ. ಮೊದಲ ಟೆಸ್ಟಿಗೆ ಮುಂಚೆ ರಣಜಿಗೆ ಗಂಟಲು ಬೇನೆ, ಹಾಸಿಗೆ ಬಿಟ್ಟು ಏಳುವ ಸ್ಥಿತಿಯಲ್ಲಿರಲಿಲ್ಲ. ಅದೇ ಹೊತ್ತಿಗೆ ಸ್ಟಾಡರ್ಟ್‌ಗೆ ಊರಿನಿಂದ ತಂತಿ ಬಂತು. ತಾಯಿ ತೀರಿಹೋಗಿದ್ದರು. ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ. ಅಂತ್ಯಕ್ರಿಯೆಗೆ ಹೋಗುವ ಮಾತೇ ಇಲ್ಲ. ಅವನು ಆಟದಿಂದ ಹಿಂದೆ ಸರಿದ, ಆರ್ಚೀ ಮೆಕ್ಲಾರೆನ್ ನಾಯಕತ್ವ ವಹಿಸಿದ. ಈ ಸಲ ಖಾಲಿಯಾದ ಜಾಗ ಅವನದು. ರಣಜಿ ಕಾಯಿಲೆಯಲ್ಲೇ ಏಳನೆಯವನಾಗಿ ಬಂದು 175 ಹೊಡೆದ. ಆ ಪಂದ್ಯ ಇಂಗ್ಲೆಂಡಿನದಾಯಿತು. ಉಳಿದ ನಾಲ್ಕೂ ಆಸ್ಟ್ರೇಲಿಯಾದ ಪಾಲಾದವು. ಸ್ಟಾಡರ್ಟ್ ಎರಡು ಟೆಸ್ಟ್‌ಗಳಿಗೆ ಮರಳಿ ಬಂದ, ಆದರೆ ಮೊದಲಿನ ಸ್ಟಾಡರ್ಟ್ ಆಗಿ ಅಲ್ಲ. ಅಲ್ಲಿಂದಾಚೆ ಅವನು ಟೆಸ್ಟ್ ಆಡಲಿಲ್ಲ.

ಆಟ ಮುಗಿದ ಮೇಲೆ

ಇಲ್ಲಿ ನನಗೆ ನಮ್ಮ ಸೋದರಮಾವ ನೆನಪಾಗುತ್ತಾರೆ. ಕಬಡ್ಡಿ, ವಾಲಿಬಾಲ್, ದಸರಾ ಕ್ರೀಡಾಕೂಟದಲ್ಲಿ ಓಟ, ಎಲ್ಲದರಲ್ಲೂ ಮುಂದು. ಮಂಡಿಯ ನೋವು ಶುರುವಾದ ಮೇಲೆ ಎಲ್ಲವೂ ಒಮ್ಮೆಲೇ ನಿಂತುಹೋಯಿತು. ಒಂದು ಗೌರಿ ಹಬ್ಬಕ್ಕೆ ಮುಂಚೆ ಅತ್ತೆ ಅಟ್ಟದಿಂದ ಅವರ ಕಪ್ಪುಗಳನ್ನೆಲ್ಲ ಇಳಿಸಿ ಹಿತ್ತಲ ಕಲ್ಲಿನ ಮೇಲೆ ಸಾಲಾಗಿ ಇಟ್ಟಿದ್ದರು. ಮಾವ ಕುಕ್ಕರುಗಾಲಲ್ಲಿ ಕೂತು ಹುಣಸೆಹಣ್ಣು ಹಚ್ಚಿ ಒಂದೊಂದನ್ನೇ ಉಜ್ಜಿದರು. ಕೆತ್ತಿದ ಅಕ್ಷರ ಕಾಣಿಸುವವರೆಗೆ ಹೆಬ್ಬೆರಳಲ್ಲಿ ತಿಕ್ಕುವುದು, ಓದುವುದು, ಪಕ್ಕಕ್ಕಿಡುವುದು. ನಾನು ನೀರು ಹೊಯ್ಯುತ್ತಿದ್ದೆ. "ಮಾವ, ಈಗ ಯಾಕೆ ಗ್ರೌಂಡ್ ಕಡೆ ಹೋಗಲ್ಲ?" ಅಂದೆ. "ಹೋಗಿ ಏನ್ ಮಾಡ್ಲಪ್ಪ, ನಿಂತ್ಕೊಂಡು ನೋಡ್ಲಾ?" ಅಂದರು. ಬೇಸರದ ದನಿಯೇನೂ ಇರಲಿಲ್ಲ. ನಿಜವಾಗಿಯೂ ಉತ್ತರ ಕೇಳುತ್ತಿದ್ದರು. ನನ್ನ ಹತ್ತಿರ ಉತ್ತರವಿರಲಿಲ್ಲ.

ಮೈಯನ್ನೇ ನೆಚ್ಚಿ ಬದುಕಿದವರಿಗೆ ನಲವತ್ತು ದಾಟಿದ ಮೇಲೆ ಏನು ಮಾಡಬೇಕೆಂದು ಯಾರೂ ಹೇಳಿಕೊಡುವುದಿಲ್ಲ. ಸ್ಟಾಡರ್ಟ್ ಮದುವೆಯಾದದ್ದೇ ಆ ವಯಸ್ಸು ದಾಟಿದ ಮೇಲೆ. ಲಂಡನ್ನಿನ ಕ್ವೀನ್ಸ್ ಕ್ಲಬ್ಬಿನಲ್ಲಿ ಕಾರ್ಯದರ್ಶಿಯಾಗಿದ್ದ. ಟೆನಿಸ್ ಆಡುವವರ ಊಟ ಉಪಚಾರ, ಕೋರ್ಟುಗಳ ಲೆಕ್ಕ, ಚಂದಾ ಹಣ. 1914ರಲ್ಲಿ ಆರೋಗ್ಯ ಕೈಕೊಟ್ಟು ಅದನ್ನೂ ಬಿಟ್ಟ. ಯುದ್ಧ ಶುರುವಾಗಿತ್ತು, ಹಣ ಕರಗಿತ್ತು, ಮನಸ್ಸು ಕುಸಿದಿತ್ತು. 1915ರ ಏಪ್ರಿಲ್ ಆರಂಭದಲ್ಲಿ ಎಲ್ಲ ಮುಗಿಯಿತು. ಯುದ್ಧದ ಸುದ್ದಿಗಳ ನಡುವೆ ಹೊರಟುಹೋದ.

ಅವನೊಬ್ಬನೇ ಆಗಿದ್ದರೆ ವಿಧಿ ಎಂದು ಸುಮ್ಮನಾಗಬಹುದಿತ್ತು. 1888ರ ಪ್ರವಾಸ ಕಟ್ಟಿದ ಆರ್ಥರ್ ಶ್ರೂಸ್‌ಬರಿ, ತನ್ನ ಕಾಲದ ಅತ್ಯುತ್ತಮ ಬ್ಯಾಟುಗಾರರಲ್ಲೊಬ್ಬ, ತನಗೆ ವಾಸಿಯಾಗದ ಕಾಯಿಲೆಯಿದೆ ಎಂಬ ಕೊರಗಿನಲ್ಲಿ 1903ರಲ್ಲಿ ಹೀಗೆಯೇ ಹೋದ. ಬ್ಲ್ಯಾಕ್‌ಹೀತ್‌ನಲ್ಲಿ ಸ್ಟಾಡರ್ಟ್‌ನನ್ನು ಹಿಡಿದ ಎಲಿಸನ್ ಮರುವರ್ಷ ಮಾನಸಿಕ ಆಸ್ಪತ್ರೆಯೊಂದರಲ್ಲಿ ತೀರಿಕೊಂಡ, ಇನ್ನೂ ನಲವತ್ತು ತುಂಬುವ ಮೊದಲೇ. ಇವರ ನೋವುಗಳು ಒಂದೇ ಬಗೆಯವಲ್ಲ, ಒಂದೇ ಕಾರಣದ ದಾರಕ್ಕೆ ಪೋಣಿಸುವುದೂ ಸರಿಯಲ್ಲ. ಆದರೂ ಇಷ್ಟು ಹತ್ತಿರದ ಮೂವರನ್ನು ಒಟ್ಟಿಗೆ ಓದುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮನಸ್ಸಿನ ಕಾಯಿಲೆಯನ್ನು ಬಾಯಿಬಿಟ್ಟು ಹೇಳುವುದೇ ಅವಮಾನವಾಗಿದ್ದ ಕಾಲ. ಅದರಲ್ಲೂ ಗಂಡಸಾಗಿ, ಆಟಗಾರನಾಗಿ, ನಾಯಕನಾಗಿ.

ಸ್ಟಾಡರ್ಟ್ ಅಮೆಚೂರ್, ಅಂದರೆ ಆಟಕ್ಕೆ ಸಂಬಳ ತೆಗೆದುಕೊಳ್ಳದವನು. ಜಂಟಲ್‌ಮನ್ ಎಂಬ ಪಟ್ಟ, ಪೆವಿಲಿಯನ್ನಿನಲ್ಲಿ ಬೇರೆಯದೇ ಬಾಗಿಲು. ಆಟಕ್ಕೆ ಸಂಬಳ ತೆಗೆದುಕೊಳ್ಳುತ್ತಿದ್ದ ವೃತ್ತಿಪರರು ಇನ್ನೊಂದು ಬಾಗಿಲಿನಿಂದ ಬರುತ್ತಿದ್ದರು. ಅಂಥ ಗೌರವ ಹೊಟ್ಟೆ ತುಂಬಿಸುವುದಿಲ್ಲ ಎಂಬುದು ವಯಸ್ಸಾದ ಮೇಲೆ ತಿಳಿಯುತ್ತದೆ. ವೃತ್ತಿಪರರಿಗೆ ಸಮಾಜದಲ್ಲಿ ಮರ್ಯಾದೆ ಕಡಿಮೆಯಿದ್ದರೂ ವರ್ಷಗಟ್ಟಲೆ ದುಡಿದ ಮೇಲೆ ಕೌಂಟಿ ಒಂದು ಬೆನಿಫಿಟ್ ಪಂದ್ಯ ಏರ್ಪಡಿಸುತ್ತಿತ್ತು. ಗೇಟಿನಲ್ಲಿ ಬಂದ ಹಣ, ಜನ ಕೊಟ್ಟ ಚಂದಾ ಅವರಿಗೆ. 1900ರಲ್ಲಿ ಮಿಡ್ಲ್‌ಸೆಕ್ಸಿನ ಬೌಲರ್ ಜೆ. ಟಿ. ಹರ್ನ್‌ಗೆ ಲಾರ್ಡ್ಸ್‌ನಲ್ಲಿ ಅಂಥ ಪಂದ್ಯ ಗೊತ್ತಾಯಿತು, ಎದುರಾಳಿ ಸಾಮರ್‌ಸೆಟ್. ಆ ಹೊತ್ತಿಗೆ ಸ್ಟಾಡರ್ಟ್ ಕೌಂಟಿ ಕ್ರಿಕೆಟ್ಟನ್ನು ಹೆಚ್ಚುಕಡಿಮೆ ಬಿಟ್ಟಿದ್ದ. ಗೆಳೆಯನ ಪಂದ್ಯಕ್ಕೆ ಜನ ಬರಲಿ ಎಂದು ಮತ್ತೆ ಪ್ಯಾಡು ಕಟ್ಟಿದ. 37 ವರ್ಷ ವಯಸ್ಸು, ಅಭ್ಯಾಸವಿಲ್ಲದ ಕೈ. 221 ಹೊಡೆದ. ಪ್ರಥಮ ದರ್ಜೆ ಕ್ರಿಕೆಟ್ಟಿನಲ್ಲಿ ಅವನ ಅತಿ ದೊಡ್ಡ ಇನಿಂಗ್ಸ್ ಅದೇ. ಹಣ ಹರ್ನ್‌ಗೆ ಸೇರಿತು, ಸೇರಬೇಕಾದ್ದೇ. ಸ್ಟಾಡರ್ಟ್‌ನಂಥ ಅಮೆಚೂರ್‌ಗಳಿಗೆ ಬೆನಿಫಿಟ್ ಪಂದ್ಯದ ಪದ್ಧತಿ ಇರಲಿಲ್ಲ.